ಪೋಸ್ಟರಿಗೆ ಹಚ್ಚಿದ ಕುಂಕುಮ

ಒಂದು ಕೆಂಪು ಬಣ್ಣಕ್ಕಾಗಿ ನಾನು ನಾಗಪುರದಲ್ಲಿ ಅಲೆದಷ್ಟು ಬೇರೆ ಯಾರೂ ಅಲೆದಿರಲಿಕ್ಕಿಲ್ಲ. ತೊಂಬತ್ತರ ದಶಕದ ಕೊನೆಯ ವರ್ಷಗಳವು. ಸೀತಾಬರ್ಡಿಯ ಓಣಿಯೊಂದರಲ್ಲಿ ಎರಡು ಕಂಪ್ಯೂಟರ್ ಇಟ್ಟುಕೊಂಡು ಡಿಟಿಪಿ ಅಂಗಡಿ ನಡೆಸುತ್ತಿದ್ದೆ. ಲಗ್ನಪತ್ರಿಕೆ, ಬಿಲ್ ಬುಕ್ಕು, ಟ್ಯೂಷನ್ ಕ್ಲಾಸುಗಳ ಕರಪತ್ರ, ಇವೇ ನನ್ನ ಹೊಟ್ಟೆಪಾಡು. ಮನಸ್ಸಿಟ್ಟು ಮಾಡಿದ ಕೆಲಸ ಅಂತ ಇದ್ದದ್ದು ಒಂದೇ, ವೈನಿಯದು.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿಯಲ್ಲ. ನಮ್ಮ ಧಾರವಾಡದ ಕಡೆ ಬೇಕಾದ ಹಿರಿಯರ ಹೆಂಡಂದಿರನ್ನೂ ಹಾಗೇ ಕರೆಯುವುದು ವಾಡಿಕೆ. ಅವರ ಯಜಮಾನರು, ನಮಗೆಲ್ಲ ರಾಯರು, ಕೋರಾಡಿಯ ವಿದ್ಯುತ್ ಕೇಂದ್ರದಲ್ಲಿ ಎಂಜಿನಿಯರ್, ಮನೆಯೂ ಕೋರಾಡಿಯಲ್ಲೇ. ವೈನಿ ದಾಸರ ಪದ, ಮರಾಠಿ ಅಭಂಗ ಎರಡನ್ನೂ ಹಾಡುತ್ತಿದ್ದರು. ಗಣಪತಿ, ನವರಾತ್ರಿ ಬಂತೆಂದರೆ ಊರೂರಿನ ಮಂಡಳದವರು ಕರೆಯುತ್ತಿದ್ದರು. ರಾಯರು ಸ್ಕೂಟರಿನ ಹಿಂದೆ ಕೂಡಿಸಿಕೊಂಡು ಕಾಮಠಿಯವರೆಗೂ ಹೋಗಿ ಬರುತ್ತಿದ್ದರು.

ವೈನಿಯ ಕಂಠ ಬಹಳ ಜನಕ್ಕೆ ಗೊತ್ತಿತ್ತು, ಹಾಡುವವರು ಯಾರು ಎಂಬುದು ಮಾತ್ರ ಗೊತ್ತಿರಲಿಲ್ಲ. ಒಂದೊಂದು ಮಂಡಳದವರದು ಒಂದೊಂದು ಬಗೆಯ ಪೋಸ್ಟರು. ಒಂದರಲ್ಲಿ ನವಿಲು, ಇನ್ನೊಂದರಲ್ಲಿ ಅವರು ಜನ್ಮದಲ್ಲಿ ಮುಟ್ಟದ ವೀಣೆ. ಫೋಟೋ ಹಾಕಿದರೆ ಅಗ್ಗದ ಕಾಗದದ ಮೇಲೆ ಮುಖವೆಲ್ಲ ಮಸಿ. ಮೊದಲ ಕ್ಯಾಸೆಟ್ಟಿನ ಹೊತ್ತಿಗೆ ರಾಯರು ವೈನಿಯನ್ನು ಕರೆದುಕೊಂಡು ನನ್ನ ಅಂಗಡಿಗೆ ಬಂದರು.

"ಇಕೀದು ಅಂತ ಏನರೆ ಒಂದು ಗುರ್ತು ಇರಬೇಕು ನೋಡಪಾ. ರಸ್ತೆದಾಗ ಹೊಂಟವರಿಗೆ ದೂರಿಂದನ ತಿಳೀಬೇಕು," ಎಂದರು.

ನಾನು ವೈನಿಯ ಮುಖ ನೋಡಿದೆ. ಹಳೆಯ ಕಾಲದ ಹೆಂಗಸರ ಹಾಗೆ ಹಣೆಯ ತುಂಬ ದುಂಡನೆಯ ಕುಂಕುಮ. ಸ್ಟಿಕ್ಕರ್ ಬಿಂದಿಯ ಆ ದಿನಗಳಲ್ಲೂ ಅವರು ಅದನ್ನು ಬಿಟ್ಟಿರಲಿಲ್ಲ. ಫೋಟೋ ಬೇಡವೇ ಬೇಡ ಎಂದೆ. ಬಿಳಿ ಹಾಳೆ, ನಡು ಮೇಲ್ಭಾಗದಲ್ಲಿ ಒಂದು ದೊಡ್ಡ ಕೆಂಪು ದುಂಡು, ಕೆಳಗೆ ಕಪ್ಪಿನಲ್ಲಿ ಹೆಸರು, ಅಷ್ಟೇ. ಕ್ಯಾಸೆಟ್ಟಿನ ಕವರು, ಪೋಸ್ಟರು, ಆಮಂತ್ರಣ, ವೇದಿಕೆಯ ಹಿಂದಿನ ಬಟ್ಟೆ ಬ್ಯಾನರು, ಎಲ್ಲಕ್ಕೂ ಅದೇ. "ಪೋಸ್ಟರಿಗೇ ಕುಂಕುಮ ಹಚ್ಚಿದೆಲ್ಲೋ," ಎಂದು ರಾಯರು ನಕ್ಕರು. ವೈನಿಗೆ ನಾಚಿಕೆಯಾಯಿತು, ಸಂತೋಷವೂ ಆಯಿತು.

ಅಲ್ಲಿಂದ ನನ್ನ ಗೋಳು ಶುರು. ಆಫ್‌ಸೆಟ್ ಪ್ರೆಸ್ಸಿನವನ ಕೆಂಪು ಕಿತ್ತಳೆಗೆ ತಿರುಗುತ್ತಿತ್ತು. ಸ್ಕ್ರೀನ್ ಪ್ರಿಂಟಿಂಗಿನವನದು ಒಣಗಿದ ಮೇಲೆ ಕಂದು. ಬ್ಯಾನರು ಬರೆಯುವ ಪೇಂಟರು ಡಬ್ಬಿಯಲ್ಲಿ ಮಿಕ್ಕ ಯಾವುದೋ ಕೆಂಪು ಬಳಿದು, ಖಾಲಿ ಜಾಗ ಕಂಡು ಕನಿಕರಪಟ್ಟು ಎರಡು ಕಮಲ ಸೇರಿಸುತ್ತಿದ್ದ. ಮಂಡಳದವರಂತೂ ದುಂಡಿನ ಪಕ್ಕದಲ್ಲೇ ತಮ್ಮ ಅಧ್ಯಕ್ಷರ ಫೋಟೋ ತುರುಕುತ್ತಿದ್ದರು. ಬೇಡ ಎಂದರೆ, "ಅರೇ ಭಾವೂ, ಒಂದು ಕೆಂಪಿಗೆ ಇಷ್ಟು ತ್ರಾಸು ಯಾಕೆ?" ಎನ್ನುತ್ತಿದ್ದರು. ಅವರಿಗೆ ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಆದರೂ ಆರು ವರ್ಷ ಬಿಡಲಿಲ್ಲ. ಕೊನೆಗೆ ಕೋರಾಡಿಯಿಂದ ಬುಟಿಬೋರಿಯವರೆಗೆ ಗೋಡೆಯ ಮೇಲೆ ಆ ಕೆಂಪು ದುಂಡು ಕಂಡರೆ ಸಾಕು, ಬಾಯಿಯವರ, ಅಂದರೆ ನಮ್ಮ ವೈನಿಯ, ಹಾಡಿದೆ ಎಂದು ಜನ ಹೇಳುವಂತಾಯಿತು. ಬೀಗುತ್ತಿದ್ದೆ ನಾನು.

ಆರನೆಯ ವರ್ಷದ ಬೇಸಿಗೆಯಲ್ಲಿ ರಾಯರು ಎದೆನೋವಿನಿಂದ ತೀರಿಕೊಂಡರು. ದಹನಕ್ಕೆ ಹೋಗಿದ್ದೆ. ಹದಿಮೂರನೆಯ ದಿನಕ್ಕೆ ಹೋಗಲಾಗಲಿಲ್ಲ, ಲಗ್ನಪತ್ರಿಕೆಗಳ ಸೀಸನ್ನು. ಆಮೇಲೆ ಹೋಗಲು ನಾಚಿಕೆ. ಈ ವಾರ, ಬರುವ ವಾರ ಎನ್ನುತ್ತ ಮಳೆಗಾಲವೂ ಮುಗಿಯಿತು.

ನವರಾತ್ರಿಯ ಹೊಸ್ತಿಲಲ್ಲಿ ಕಾಮಠಿಯ ಮಂಡಳದ ಕಾರ್ಯದರ್ಶಿ ಅಂಗಡಿಗೆ ಬಂದ. ವೈನಿ ಹಾಡಲು ಒಪ್ಪಿದ್ದಾರೆ ಎಂದ. ಕಂಪ್ಯೂಟರ್ ಸ್ಕ್ರೀನಿನ ಮೇಲಿನ ಹಳೆಯ ಪೋಸ್ಟರಿನತ್ತ ಬೆರಳು ಮಾಡಿ, ದನಿ ತಗ್ಗಿಸಿ, "ಆತಾ ಹೇ ಬರಂ ದಿಸತ್ ನಾಹೀ," ಎಂದ. ಇನ್ನು ಇದು ಚೆನ್ನಾಗಿ ಕಾಣುವುದಿಲ್ಲ ಅಂತ. ಅವನ ಮೇಲೆ ಸಿಟ್ಟು ಬಂತೆಂದು ಬರೆದರೆ ಸುಳ್ಳಾಗುತ್ತದೆ. ಅವನು ಬಾಯಿ ತೆರೆಯುವ ಮೊದಲೇ ನನಗೂ ಅದೇ ಅನ್ನಿಸಿತ್ತು.

ವೈನಿಯ ಮನೆಯಲ್ಲಿ ಫೋನಿತ್ತು. ಮಾಡಲಿಲ್ಲ. ಇಂಥದ್ದನ್ನು ಹೇಗೆ ಕೇಳುವುದು, ಕೇಳದೆ ಮಾಡುವುದೇ ಮರ್ಯಾದೆ ಎಂದುಕೊಂಡೆ. ಕೆಂಪು ತೆಗೆದು ಬೂದು ಬಣ್ಣ ತುಂಬಿದೆ. ಪ್ರೆಸ್ಸಿಗೆ, ಸ್ಕ್ರೀನಿನವನಿಗೆ, ಪೇಂಟರಿಗೆ ಕಳಿಸಿದೆ. ಆರು ವರ್ಷದಲ್ಲಿ ಮೊದಲ ಸಲ ಮೂವರೂ ಒಂದೇ ಬಣ್ಣ ಹಾಕಿಕೊಟ್ಟರು. ಪೇಂಟರು ಕಮಲವನ್ನೂ ಬರೆಯಲಿಲ್ಲ. ಜಗಳವಿಲ್ಲದೆ ಕೆಲಸ ಮುಗಿದದ್ದಕ್ಕೆ ನನಗೆ ಹಾಯೆನಿಸಿತ್ತು, ಹೇಳಿಕೊಳ್ಳಲು ಈಗ ಹೇಸಿಗೆಯಾಗುತ್ತದೆ.

ಕಾರ್ಯಕ್ರಮದ ಸಂಜೆ ವೈನಿ ತಮ್ಮ ಅತ್ತೆಯ ಕೈ ಹಿಡಿದುಕೊಂಡು ಬಂದರು. ಹಣೆಯ ಮೇಲೆ ಕುಂಕುಮವಿತ್ತು, ಮೊದಲಿನಷ್ಟೇ ದೊಡ್ಡದು, ಮೊದಲಿನಷ್ಟೇ ದುಂಡಗೆ. ಬ್ಯಾನರು ನೋಡಿ ಅವರು ಒಂದು ಗಳಿಗೆ ನಿಂತರು. ಆಮೇಲೆ ವೇದಿಕೆ ಹತ್ತಿ ಅದರ ಮುಂದೆಯೇ ಕೂತು ತಂಬೂರಿ ತೆಗೆದುಕೊಂಡರು.

ಮುಂದಿನ ಸಾಲಿನ ಹೆಂಗಸರು ಮೊದಲು ಬ್ಯಾನರು ನೋಡಿದರು, ಆಮೇಲೆ ವೈನಿಯ ಹಣೆ, ಆಮೇಲೆ ಪಕ್ಕದವಳ ಕಿವಿಗೆ ಬಾಗಿದರು. ಅವರಲ್ಲಿ ಹೆಚ್ಚಿನವರಿಗೆ ರಾಯರು ಹೋದದ್ದು ಗೊತ್ತೇ ಇರಲಿಲ್ಲ, ಬ್ಯಾನರೇ ಅದನ್ನು ಸಾರಿತು. ಆ ದುಂಡೆಂದರೆ ವೈನಿಯ ಹಣೆ ಎಂದು ಊರಿಗೆ ಕಲಿಸಿದವನು ನಾನೇ, ಅದನ್ನು ಬೂದಿ ಮಾಡಿ ತೋರಿಸಿದವನೂ ನಾನೇ. ಯಾವಾಗಲೂ ಜನರನ್ನು ನೋಡುತ್ತ ಹಾಡುವ ವೈನಿ ಅವತ್ತು ಎರಡು ತಾಸೂ ಕಣ್ಣು ಮುಚ್ಚಿಕೊಂಡು ಹಾಡಿದರು.

ಮುಗಿದ ಮೇಲೆ ವೇದಿಕೆಯ ಹಿಂದೆ ಹೋದೆ. "ವೈನಿ, ನಂದು ತಪ್ಪಾತು," ಎಂದೆ.

ಅವರು ಸಿಟ್ಟಾಗಲಿಲ್ಲ. ಬಹಳ ದಣಿದಿದ್ದರು. "ಹದಿಮೂರನೇ ದಿನಾ ನಮ್ಮತ್ತಿ ಮುಂದ ಕೂಡಿಸಿಕೊಂಡು ತಮ್ಮ ಕೈಯಾರೆ ಹಚ್ಚಿದ್ರು. ಮಗನ್ನ ಕಳಕೊಂಡಾಕಿ ಹಚ್ಚಿದ ಕುಂಕುಮ ಇದು," ಎಂದರು. ಕುರ್ಚಿಯಲ್ಲಿ ಕೂತಿದ್ದ ಮುದುಕಿ ನನ್ನತ್ತ ನೋಡಲಿಲ್ಲ. ವೈನಿ ಸೆರಗು ಸರಿಮಾಡಿಕೊಂಡು ಮತ್ತೆ ಹೇಳಿದರು, "ಒಮ್ಮೆ ಮನಿಗೆ ಬಂದಿದ್ರ ನಿನಗ ಕಾಣಸ್ತಿತ್ತಲ್ಲೋ, ತಮ್ಮಾ."

ನನ್ನ ಅಂಗಡಿಯ ಹತ್ತಿರದಿಂದಲೇ ಕೋರಾಡಿಗೆ ದಿನಕ್ಕೆ ಹತ್ತಾರು ಬಸ್ಸು ಹೋಗುತ್ತಿದ್ದವು.