ಅಕ್ಕನ ಬಾಯಿಗೆ ಬಾರದ ಹೆಸರು

ನನ್ನ ಅಕ್ಕನ ಕೆಳದುಟಿಯ ಎಡಬದಿಯಲ್ಲಿ ಅಕ್ಕಿಕಾಳಿನಷ್ಟು ಒಂದು ಕುಳಿ ಇತ್ತು. ಅದು ಹುಟ್ಟಿನಿಂದ ಬಂದದ್ದಲ್ಲ. ಗಂಡನ ಹೆಸರು ಬಾಯಿಗೆ ಬರುವಂತಾದಾಗಲೆಲ್ಲ ಅವಳು ಅಲ್ಲಿ ಹಲ್ಲೂರಿ ತಡೆದುಕೊಳ್ಳುತ್ತಿದ್ದಳು. ಆಗ ನಮ್ಮ ಕಡೆ ಗಂಡನ ಹೆಸರು ಹೇಳುವ ಹೆಂಗಸೇ ಇರಲಿಲ್ಲ. ಆದರೆ ಅಕ್ಕನ ಪಾಡು ಉಳಿದವರಿಗಿಂತ ಕಷ್ಟದ್ದು. ಭಾವನಿಗೆ ಇಟ್ಟದ್ದು ಜಟಿಂಗ ರಾಮೇಶ್ವರನ ಹೆಸರು. ಅವಳು ಕೈಮುಗಿಯುವ ದೇವರಿಗೂ ಅದೇ ಹೆಸರು, ದೇವರಿರುವ ಬೆಟ್ಟಕ್ಕೂ ಅದೇ. ಅವಳ ಬಾಯಲ್ಲಿ ದೇವರು ‘ಮೇಲಿನ ಸ್ವಾಮಿ’, ಬೆಟ್ಟ ‘ಹಕ್ಕಿ ಬಿದ್ದ ಗುಡ್ಡ’. ರಾವಣನೊಡನೆ ಕಾದಾಡಿ ರೆಕ್ಕೆ ಮುರಿದ ಜಟಾಯು ಬಿದ್ದದ್ದು ಅಲ್ಲೇ ಎಂಬುದು ನಮ್ಮವರ ನಂಬಿಕೆ.

ಭಾವ ಮೊಳಕಾಲ್ಮೂರಿನ ರೇಷ್ಮೆ ಸೀರೆಗಳನ್ನು ಗಂಟು ಕಟ್ಟಿಕೊಂಡು ದೂರದೂರಕ್ಕೆ ಹೋಗಿ ಮಾರುತ್ತಿದ್ದರು. ಒಮ್ಮೆ ಸಮುದ್ರ ದಾಟಿ ಲಂಕೆಗೂ ಹೋದರು. ಅಲ್ಲೇ ಜ್ವರ ಬಂದು ತೀರಿಕೊಂಡರು. ಜೊತೆಗಿದ್ದವರು ಹೆಗಲಿನ ಶಾಲನ್ನು ತಂದುಕೊಟ್ಟು, ಅವರನ್ನು ಮಣ್ಣು ಮಾಡಿದ ಊರಿನ ಹೆಸರು ಹೇಳಿ, ತೆಂಗಿನ ತೋಪಿನಲ್ಲಿ ಗುರುತಿಗೆ ಒಂದು ಕಲ್ಲು ನೆಟ್ಟಿದ್ದೇವೆ ಎಂದರು. ಅಕ್ಕನಿಗೆ ಮಕ್ಕಳಿರಲಿಲ್ಲ. ನಮ್ಮ ಮನೆಗೆ ಬಂದುಬಿಡು ಎಂದು ಚಳ್ಳಕೆರೆಯಿಂದ ಹೋಗಿ ಕರೆದೆ. ಬರಲಿಲ್ಲ. ನೇಕಾರರ ಮನೆಗಳಿಗೆ ನೂಲು ಸುತ್ತಿಕೊಟ್ಟು ಅಲ್ಲೇ ಇದ್ದಳು. ಆ ಕಲ್ಲಿನ ಬುಡಕ್ಕೆ ಹಕ್ಕಿ ಬಿದ್ದ ಗುಡ್ಡದ ಒಂದು ಹಿಡಿ ಮಣ್ಣು ಹಾಕಿ ಬರಬೇಕು ಎಂಬುದೊಂದೇ ಅವಳ ಆಸೆ. ಎಷ್ಟೋ ವರ್ಷಗಳಾದ ಮೇಲೆ, ರೈಲು ಲಂಕೆಗೆ ಎದುರಿನ ದಡದವರೆಗೂ ಹೋಗುತ್ತದಂತೆ, ಅಲ್ಲಿಂದ ಸಣ್ಣ ಹಡಗಂತೆ ಎಂಬ ಸುದ್ದಿ ಸಂತೆಯಲ್ಲಿ ಅವಳ ಕಿವಿಗೆ ಬಿತ್ತು. ಆಗ ಅವಳಿಗೆ ಅರವತ್ತು ದಾಟಿತ್ತು. ರೈಲನ್ನು ಕಣ್ಣಿಂದಲೂ ಕಂಡವಳಲ್ಲ.

“ಮುದುಕಿಗೆ ಈ ವಯಸ್ನಾಗೆ ಪರದೇಶದ ಹುಚ್ಚು,” ಎಂದು ಓಣಿಯವರು ಆಡಿಕೊಂಡರು.

“ಸೀತಮ್ಮನ್ನ ರಾವಣ ಹೊತ್ಕೊಂಡು ಹೋದ. ನನ್ನ ರೈಲು ಹೊತ್ಕೊಂಡು ಹೋಗ್ತೈತೆ, ಬಿಡ್ರಿ,” ಎಂದಳು ಅಕ್ಕ.

ಹತ್ತು ದಿನ ಕೂತು ರೊಟ್ಟಿ ಬಡಿದು ಒಣಗಿಸಿದಳು. ಹುರಿಟ್ಟು, ಬೆಲ್ಲ, ಚಟ್ನಿಪುಡಿ, ಒಂದು ಚೊಂಬು, ಎರಡು ಕಂಬಳಿ, ಮಣ್ಣಿನ ಗಂಟು. ಜೊತೆಗೆ ಬಾ ಎಂದು ನನಗೆ ಹೇಳಿಕಳಿಸಿದಳು. ಎತ್ತಿನ ಗಾಡಿಯಲ್ಲಿ ಇಬ್ಬರೂ ರಾಯದುರ್ಗದ ಸ್ಟೇಷನ್ನಿಗೆ ಹೋದೆವು. ಟಿಕೀಟು ನಾನೇ ಕೇಳುತ್ತೇನೆ ಎಂದು ಅವಳು ಕಿಂಡಿಗೆ ಮುಖವಿಟ್ಟಳು.

“ಸೇತುವಿಗೆ ಎರಡು ಕೊಡ್ರಿ. ಮೂರನೇ ಕಿಲಾಸು.”

“ಯಾವ ಸೇತುವಮ್ಮಾ? ನಮ್ಮೂರ ಹಳ್ಳಕ್ಕೂ ಒಂದು ಸೇತುವೆ ಐತೆ.”

“ಕಪಿಗಳು ಕಟ್ಟಿದ್ದು.”

“ಊರಿನ ಹೆಸ್ರು ಹೇಳಮ್ಮ ತಾಯಿ, ಹಿಂದೆ ಜನ ನಿಂತವ್ರೆ.”

ಅಕ್ಕನ ಹಲ್ಲು ತುಟಿಗೆ ಊರಿತು. ನಾನು ಹಿಂದಿನಿಂದ “ರಾಮೇಶ್ವರ” ಎಂದೆ. ಅವನಿಗೆ ತಟ್ಟನೆ ಹೊಳೆಯಿತು. “ಓ, ಯಜಮಾನ್ರ ಹೆಸ್ರಾ? ನಮ್ಮಪ್ಪ ಮುದ್ದಪ್ಪ. ನಮ್ಮವ್ವ ಇವತ್ತಿಗೂ ಮುದ್ದೆಗೆ ಉಂಡೆ ಅಂತಾಳೆ,” ಎಂದು ನಕ್ಕು ಟಿಕೀಟು ಕೊಟ್ಟ. ರೈಲು ಹತ್ತಿದ ಮೇಲೆ ಅಕ್ಕ ನನಗೆ ಹೇಳಿದಳು: “ಲೇ ತಮ್ಮ, ದಾರಿ ಕೇಳಾಕೆ ನಂಗೂ ಬಾಯೈತೆ. ನಿನ್ನ ಕರ್ಕೊಂಡು ಬಂದಿರೋದು ಹೆಸ್ರು ಹೇಳಾಕೆ.”

ಗುಂತಕಲ್ಲು, ಮದರಾಸು ಎಂದು ಗಾಡಿ ಬದಲಿಸುತ್ತಾ ಹೋದೆವು. ಕೂಲಿಮಠದಲ್ಲಿ ಮೂರು ವರ್ಷ ಕಲಿತ ನನ್ನ ಅಕ್ಷರ ಗುಂತಕಲ್ಲು ದಾಟಿದ ಮೇಲೆ ಯಾವ ಬೋರ್ಡಿಗೂ ಉಪಯೋಗಕ್ಕೆ ಬರಲಿಲ್ಲ. ಅಕ್ಕನಿಗೆ ಆ ಚಿಂತೆಯೇ ಇರಲಿಲ್ಲ. ಸ್ಟೇಷನ್ನಿನ ನಲ್ಲಿಯಲ್ಲಿ ಮುಖ ತೊಳೆದು, ಬೆಂಚಿನ ಮೂಲೆಯಲ್ಲಿ ಲಿಂಗಪೂಜೆ ಮುಗಿಸಿ, ಆಮೇಲೆ ರೊಟ್ಟಿ ಮುರಿಯುತ್ತಿದ್ದಳು. ಎದುರು ಕೂತವರಿಗೂ ಒಂದು ಚೂರು ಕೊಡದೆ ತಿನ್ನುತ್ತಿರಲಿಲ್ಲ. ಯಾವ ಛತ್ರಕ್ಕೆ ಹೋದರೂ ಜಾಗ ಇದೆಯೇ ಎಂದು ಕೇಳುತ್ತಿರಲಿಲ್ಲ. ಮೊದಲು ಕಸಬರಿಗೆ ಕೇಳುತ್ತಿದ್ದಳು, ಬಾಯಲ್ಲಿ ಆಗದಿದ್ದರೆ ಕೈಸನ್ನೆಯಲ್ಲಿ. “ಗುಡಿಸಿದ ಕೈನ ಯಾರೂ ಹೊರಗೆ ಹಾಕಲ್ಲ ಕಣೋ,” ಎನ್ನುತ್ತಿದ್ದಳು. ಮದರಾಸಿನ ಛತ್ರದಲ್ಲಿ ಜಾಗವಿಲ್ಲ ಎಂದು ಗದರಲು ಎದ್ದ ಪಾರುಪತ್ತೇಗಾರ, ಅವಳು ಜಗಲಿ ಗುಡಿಸುವುದನ್ನು ನೋಡಿ ಮತ್ತೆ ಕೂತುಕೊಂಡ. ನಾವು ಅಲ್ಲಿ ಎರಡು ದಿನ ಇದ್ದೆವು.

ಲಂಕೆಗೆ ಹೋಗುವ ಮೂರನೇ ದರ್ಜೆಯವರನ್ನು ಸಮುದ್ರದ ಹತ್ತಿರ ಒಂದು ಬಿಡಾರದಲ್ಲಿ ಕೆಲವು ದಿನ ಇರಿಸಿಕೊಂಡು, ರೋಗವಿಲ್ಲವೆಂದು ಕಂಡ ಮೇಲೆ ಹೆಸರು ಬರೆದುಕೊಂಡು ಹಡಗಿಗೆ ಬಿಡುತ್ತಿದ್ದರು. ಅಲ್ಲಿ ನಾನು ಮೊದಲ ಸಲ ಸಮುದ್ರ ನೋಡಿದೆ. ನಮ್ಮ ಕೆರೆಯಲ್ಲಿ ಎಮ್ಮೆ ತೊಳೆದು ಬೆಳೆದವನು ನಾನು. ನೀರೆಂದರೆ ಆಚೆ ದಡ ಕಾಣಬೇಕು. ಇಲ್ಲಿ ದಡವೇ ಇರಲಿಲ್ಲ. ಹೆದರಿ ನಾಲ್ಕು ಹೆಜ್ಜೆ ಹಿಂದಕ್ಕೆ ಬಂದೆ. ಅಕ್ಕ ಮಾತ್ರ ದಿನವೂ ಮಣ್ಣಿನ ಗಂಟನ್ನು ಬಿಸಿಲಿಗಿಟ್ಟು, “ತಂಡಿ ಹಿಡೀಬಾರ್ದು,” ಎನ್ನುತ್ತಿದ್ದಳು.

ಹೆಸರು ಬರೆಸುವ ದಿನ ಬೆಳಿಗ್ಗೆ ನಾನು ಚೊಂಬು ಹಿಡಿದು ನೀರಿಗೆ ಹೋಗಿದ್ದೆ. ತಿರುಗಿ ಬರುವಷ್ಟರಲ್ಲಿ ಸಾಲು ಬೇಗ ಸರಿದು ಅಕ್ಕ ಮೇಜಿನ ಮುಂದೆ ನಿಂತಿದ್ದಳು. ನಮ್ಮ ನಡುವೆ ತಾಳೆಗರಿಯ ಬೇಲಿ ಒಂದೇ ಇತ್ತು. ಗುಮಾಸ್ತನಿಗೆ ತೆಲುಗು ಬರುತ್ತಿತ್ತು.

“ನೀ ಮೊಗುಡಿ ಪೇರೇಮಿಟಮ್ಮಾ?” ಎಂದು ಗಂಡನ ಹೆಸರು ಕೇಳಿದ.

ಅಕ್ಕನಿಗೂ ಗಡಿಸೀಮೆಯ ತೆಲುಗು ಚೆನ್ನಾಗಿಯೇ ಬರುತ್ತಿತ್ತು. ಬೆಟ್ಟದ ಮೇಲಿನ ಸ್ವಾಮಿ ಎಂದಳು. ಹಕ್ಕಿ ಬಿದ್ದ ಜಾಗದ ದೇವರು ಎಂದಳು. ಸಾಲಿನಲ್ಲಿದ್ದವರು ನಕ್ಕರು. ಅವನು ಇನ್ನೊಮ್ಮೆ ಕೇಳಿದ. ಅವಳು ಹಿಂದೆ ತಿರುಗಿ, “ತಮ್ಮಾ! ಎಲ್ಲಿದ್ದೀಯೋ? ಲೇ ತಮ್ಮಾ!” ಎಂದು ಕೂಗಿದಳು.

ನಾನು ಓಗೊಡಲಿಲ್ಲ. ಹತ್ತು ಹೆಜ್ಜೆ ದೂರದಲ್ಲಿದ್ದೆ. ಗರಿಗಳ ಸಂದಿಯಿಂದ ಅವಳ ಮುಖ ಕಾಣುತ್ತಿತ್ತು. ಇವಳನ್ನು ಅವರು ಹಡಗಿಗೆ ಬಿಡದಿದ್ದರೆ ನಾನೂ ಆ ನೀರನ್ನು ದಾಟಬೇಕಿಲ್ಲ, ಊರಿಗೆ ಹೋಗಬಹುದು ಎಂದು ನನಗೆ ಅನ್ನಿಸಿತು. ಅಷ್ಟೇ. ಬೇರೆ ಕಾರಣ ಏನೂ ಇರಲಿಲ್ಲ. ಅವಳು ತುಟಿ ಕಚ್ಚಿಕೊಂಡು ನಿಂತಳು. ಗುಮಾಸ್ತ ಪಕ್ಕಕ್ಕೆ ಸರಿಯಮ್ಮಾ ಎಂದು ಮುಂದಿನವರನ್ನು ಕರೆದ.

ಅದನ್ನು ಆಗಲೂ ಸರಿಪಡಿಸಬಹುದಿತ್ತು. ಅಕ್ಕ ಅದನ್ನೇ ಕೇಳಿದಳು: “ನಾಳೆ ನೀನೇ ಹೋಗಿ ಹೇಳು. ಬರ್ಕೊಂತಾರೆ.” ನಾನು ಹೋದವನಂತೆ ಹೋಗಿ, ಬಾವಿಕಟ್ಟೆಯ ಮೇಲೆ ಕೂತು ಬಂದು, “ಒಂದ್ಸಲ ಬಿಟ್ಟೋದ್ರೆ ಮತ್ತೆ ಬರ್ಕೊಳ್ಳಲ್ವಂತೆ ಅಕ್ಕ,” ಎಂದೆ. ಅವಳು ನಂಬಿದಳು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಮಣ್ಣಿನ ಗಂಟನ್ನು ಸೆರಗಿನಲ್ಲಿ ಸುತ್ತಿಕೊಂಡು, ಹೊರಡುವ ಮೊದಲು ನಾವು ಮಲಗಿದ್ದ ಜಾಗವನ್ನು ಗುಡಿಸಿದಳು.

ಆಮೇಲೆ ಅವಳು ನಾಲ್ಕು ವರ್ಷ ಬದುಕಿದ್ದಳು. ಯಾರು ಕೇಳಿದರೂ, “ನನ್ನ ಬಾಯೇ ಕೆಟ್ಟದ್ದು. ಬಾಗಿಲವರೆಗೂ ಹೋಗಿ ವಾಪಸ್ಸು ಬಂದೆ,” ಎನ್ನುತ್ತಿದ್ದಳು. ನಾನು ಪಕ್ಕದಲ್ಲೇ ಕೂತು ಕೇಳಿಸಿಕೊಂಡಿದ್ದೇನೆ.

ಕೊನೆಗೆ ಹಾಸಿಗೆ ಹಿಡಿದಾಗ ನಾನು ಮೊಳಕಾಲ್ಮೂರಿಗೆ ಹೋಗಿ ಅವಳ ಜೊತೆ ಉಳಿದೆ. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ ಕೈಯನ್ನು ಸರಿಸಿ, ಬಾಗಿಲು ಮುಂದಕ್ಕೆ ಮಾಡು ಎಂದಳು. ಮಾಡಿದೆ. ಆಗ ಅವಳು ನನ್ನ ಮುಖ ನೋಡುತ್ತಾ ಭಾವನ ಹೆಸರನ್ನು ಪೂರ್ತಿಯಾಗಿ, ನಿಧಾನವಾಗಿ ಹೇಳಿದಳು. ಅವಳ ಬಾಯಲ್ಲಿ ಆ ಹೆಸರನ್ನು ನಾನು ಕೇಳಿದ್ದು ಅದೊಂದೇ ಸಲ.

“ಸರಿಯಾಗಿ ಬಂತಾ?” ಎಂದಳು.

“ಸರಿಯಾಗಿ ಬಂತಕ್ಕ.”

“ಯಾರೂ ಇಲ್ದಾಗ ಹೇಳಿ ಹೇಳಿ ಕಲ್ತೆ ಕಣೋ. ಮೈ ನೆಟ್ಟಗಾದ್ರೆ ಇನ್ನೊಂದ್ಸಲ ಹೋಗಾನ. ಈ ಸಲ ನಿಂಗೆ ತ್ರಾಸು ಕೊಡಲ್ಲ.”

ಆಗಲಾದರೂ ಹೇಳಬೇಕಿತ್ತು. “ಹೋಗಾನಕ್ಕ,” ಎಂದೆ. ಮೂರನೆಯ ದಿನ ಅವಳು ಹೋದಳು.

ಮಣ್ಣಿನ ಗಂಟು ಈಗ ಚಳ್ಳಕೆರೆಯ ನಮ್ಮ ಮನೆಯ ಗೂಡಿನಲ್ಲಿದೆ. ಅಂದು ಅಕ್ಕನಿಗಿದ್ದ ವಯಸ್ಸು ಈಗ ನನಗಾಗಿದೆ. ಗಾಡಿ ಎಲ್ಲಿ ಬದಲಿಸಬೇಕು ಎಂಬುದು ಗೊತ್ತು, ಛತ್ರದಲ್ಲಿ ಮೊದಲು ಏನು ಕೇಳಬೇಕು ಎಂಬುದೂ ಗೊತ್ತು. ಬರುವ ತಿಂಗಳು ಹೊರಡುತ್ತೇನೆಂದು ಮನೆಯವರಿಗೆ ಹೇಳಿದ್ದೇನೆ. ರೊಟ್ಟಿ ಒಣಗುತ್ತಿವೆ. ನೀರಿನ ಭಯ ಹೋಗಿಲ್ಲ. ಗುಮಾಸ್ತ ಕೇಳಿದರೆ ಆ ಹೆಸರು ಹೇಳಲು ನನಗೆ ಯಾವ ಕಟ್ಟೂ ಇಲ್ಲ. ಅಂದೂ ಇರಲಿಲ್ಲ.