ಕಮಲಾಪುರದ ಬಾಳೆಹಣ್ಣಿನ ಒಳಗಿನ ಅರ್ಥ

ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಎದುರು ತಳ್ಳುಗಾಡಿಯ ಮೇಲೆ ಕಮಲಾಪುರದ ಕೆಂಪು ಬಾಳೆಹಣ್ಣು ಕಂಡರೆ ನೀವು ದರ ಕೇಳುತ್ತೀರಿ. ನನಗೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ದರ ಕೇಳುತ್ತೇನೆ. ಹೋದ ವಾರವೂ ಹಾಗೇ ಆಯಿತು. ಗಾಡಿಯವನು ಒಂದು ಹಣ್ಣು ಮುಂದೆ ಹಿಡಿದು, ವಾಸನೆ ನೋಡ್ರಿ ಅಕ್ಕಾರ ಅಂದ. ಆ ವಾಸನೆಯ ಬೆನ್ನಿಗೇ ಬಿಸಿಯಾದ ಟೇಪ್ ರೆಕಾರ್ಡರಿನ ವಾಸನೆಯೂ ಬಂತು ಅಂದರೆ ನೀವು ನಗಬಹುದು. ಎಂಬತ್ತರ ದಶಕದ ಕೊನೆಯ ಭಾನುವಾರಗಳಲ್ಲಿ ನಮ್ಮ ಮನೆಯ ಒಂದೇ ಕೋಣೆಯಲ್ಲಿ ಇವೆರಡೂ ಇರುತ್ತಿದ್ದವು.

ಅದು ಬ್ರಹ್ಮಪುರದ ನಮ್ಮ ಮನೆಯಲ್ಲಿ ಅಣ್ಣ ಪ್ರಲ್ಹಾದನ ಕೋಣೆ. ಅಣ್ಣ ಇಂಗ್ಲಿಷಿನಲ್ಲಿ ಎಂ.ಎ. ಮುಗಿಸಿ ಕಾಲೇಜೊಂದರಲ್ಲಿ ಹೊಸದಾಗಿ ಪಾಠ ಹೇಳುತ್ತಿದ್ದ. ಹೈದರಾಬಾದಿಗೆ ಹೋದಾಗಲೆಲ್ಲ ಫುಟ್‌ಪಾತಿನಿಂದ ರಾಕ್ ಹಾಡುಗಳ ಹಳೆಯ ಕ್ಯಾಸೆಟ್ಟು ಹೊತ್ತು ತರುತ್ತಿದ್ದ. ತಂದದ್ದನ್ನು ಕೇಳಿ ಸುಮ್ಮನಿದ್ದಿದ್ದರೆ ಲೋಕಕ್ಕೇನೂ ನಷ್ಟವಿರಲಿಲ್ಲ. ಆದರೆ ಅವನು ಅರ್ಥ ಹೇಳುತ್ತಿದ್ದ.

ಅರ್ಥ ಹೇಳುವುದು ನಮ್ಮ ಮನೆತನದ ಚಟ. ಅಜ್ಜ ಏಕಾದಶಿಯ ಸಂಜೆ ಪಡಸಾಲೆಯಲ್ಲಿ ಕೂತು ದಾಸರ ಮುಂಡಿಗೆಗಳನ್ನು ಬಿಡಿಸುತ್ತಿದ್ದರು. ಮುಂಡಿಗೆ ಅಂದರೆ ಒಗಟಿನಂಥ ಹಾಡು. ಹೊರಗೆ ಮರವೋ ಕೋಣವೋ ಇರುತ್ತದೆ, ಒಳಗೆ ಜೀವನೋ ಹರಿಯೋ ಇರುತ್ತಾರೆ. ಅಜ್ಜ ಹೋದ ಮೇಲೆ ಅವರ ವ್ಯಾಸಪೀಠ ಉಳಿಯಿತು. ಪುರಾಣದ ಪುಸ್ತಕ ಇಡುವ ಆ ಕಟ್ಟಿಗೆಯ ಪೀಠದ ಮೇಲೆ ನಮ್ಮ ಅಣ್ಣ ಕ್ಯಾಸೆಟ್ಟಿನ ಜೊತೆ ಬಂದ ಹಾಡಿನ ಚೀಟಿಯನ್ನು ಬಿಡಿಸಿ ಇಡುತ್ತಿದ್ದ. ಅಮ್ಮ ಅದನ್ನು ನೋಡಿ ಒಳಗೆ ಹೋಗಿ ದೇವರಿಗೆ ಇನ್ನೊಂದು ದೀಪ ಹಚ್ಚುತ್ತಿದ್ದಳು.

ಕೇಳುವವರೂ ಇದ್ದರು. ಅಣ್ಣನ ಇಬ್ಬರು ಗೆಳೆಯರು, ಮತ್ತು ಗಡ್ಡ ಬಿಟ್ಟ ಒಂದಷ್ಟು ಶಿಷ್ಯರು. ಹಾಡಿನಲ್ಲಿ ಒಬ್ಬ ಕುಡಿದು ಕಾರು ಹೊಡೆಯುತ್ತಾನೆ ಅನ್ನಿ. ನಿಮಗೆ ನನಗೆ ಅದು ಕುಡಿದವನ ಕಥೆ. ಅಣ್ಣನಿಗೆ ಕಾರು ದೇಹ, ಪೆಟ್ರೋಲು ಪ್ರಾಣ, ಬ್ರೇಕು ವೈರಾಗ್ಯ. ಹಾಡುವವ ಗಂಟಲು ಹರಿಯುವಂತೆ ಬೇಬಿ ಬೇಬಿ ಅಂತ ಕೂಗಿದರೆ ಅದು ಜೀವಾತ್ಮನನ್ನು ಕರೆಯುವ ಪರಿ. ಗಡ್ಡಗಳು ತಲೆಯಾಡಿಸುತ್ತಿದ್ದವು. ಒಬ್ಬ ಮಹಾಶಯ ಕ್ಯಾಸೆಟ್ಟಿನ ರೀಲು ಬಿಚ್ಚಿ ತಿರುಗಿಸಿ ಸುತ್ತಿ, ಹಾಡನ್ನು ಹಿಂದುಮುಂದಾಗಿ ಕೇಳಿಸಿದ. ಅದರಲ್ಲಿ ಗುಪ್ತ ಸಂದೇಶ ಇದೆಯಂತೆ. ನನಗೆ ನಮ್ಮ ಓಣಿಯ ಕೊಳವೆಬಾವಿಯ ಮೋಟಾರು ಕೆಟ್ಟಾಗಿನ ಸದ್ದು ಕೇಳಿಸಿತು. ನನ್ನನ್ನು ಯಾರೂ ಕೇಳಲಿಲ್ಲ, ನನ್ನ ಕೆಲಸ ಚಹಾ ತರುವುದು ಮತ್ತು ಬಾಗಿಲು ತೆಗೆಯುವುದಾಗಿತ್ತು.

ಆ ಬಾಗಿಲನ್ನು ಪ್ರತಿ ಭಾನುವಾರ ತಟ್ಟುತ್ತಿದ್ದವನು ಚನ್ನಬಸವ. ಅಣ್ಣನ ಮೊದಲ ವಿದ್ಯಾರ್ಥಿಗಳಲ್ಲಿ ಒಬ್ಬ, ಕಮಲಾಪುರದ ಬಾಳೆತೋಟದವರ ಮಗ. ಚರ್ಚಿನ ಮಾಸ್ತರರೊಬ್ಬರಲ್ಲಿ ಗಿಟಾರು ಕಲಿತಿದ್ದ. ಒಂದು ಹೆಗಲಿಗೆ ಗಿಟಾರು, ಇನ್ನೊಂದು ಕೈಯಲ್ಲಿ ಕೆಂಪು ಬಾಳೆಹಣ್ಣಿನ ಚೀಲ. ಅವರ ಮನೆಯ ರೊಟ್ಟಿ ನಮ್ಮ ಮನೆಯೊಳಗೆ ಬರುವಂತಿರಲಿಲ್ಲ. ಹಣ್ಣಿಗೆ ಮಾತ್ರ ಮಡಿ ಮೈಲಿಗೆ ಅಡ್ಡ ಬರುತ್ತಿರಲಿಲ್ಲ. ಅವನು ತಂದ ಹಣ್ಣನ್ನು ಅಪ್ಪ ದೇವರ ಮುಂದೂ ಇಡುತ್ತಿದ್ದರು. ಅದನ್ನು ತಿಳಿದೇ ಅವನು ಹಣ್ಣು ತರುತ್ತಿದ್ದ ಅಂತ ನನಗೆ ಬೇಗ ಗೊತ್ತಾಯಿತು. ಸರ್ ಇದ್ದಾರೇನ್ರೀ ಅಂತ ಕೇಳುವಾಗ ಅವನ ಕಣ್ಣು ಸರನ್ನು ಹುಡುಕುತ್ತಿರಲಿಲ್ಲ. ನಾನೂ ಭಾನುವಾರ ಬೆಳಿಗ್ಗೆ ಎರಡು ಸಲ ಜಡೆ ಹಾಕಿಕೊಳ್ಳುತ್ತಿದ್ದೆ. ಅವನು ಕೇಳಲಿ, ನಾನು ಹೂಂ ಅನ್ನುತ್ತೇನೆ ಅಂತ ನಿರ್ಧಾರ ಮಾಡಿಯಾಗಿತ್ತು. ಅಷ್ಟರಲ್ಲಿ ರಾಯಚೂರಿನಿಂದ ನನಗೊಂದು ಜಾತಕ ಬಂದಿತ್ತು, ಆ ಸುದ್ದಿ ಅವನಿಗೂ ಮುಟ್ಟಿತ್ತು.

ಮುಂದಿನ ಭಾನುವಾರ ಅವನು ತಾನೇ ಕಟ್ಟಿದ ಹಾಡೊಂದನ್ನು ಹಾಡುತ್ತೇನೆ ಅಂದ. ಗಿಟಾರಿನ ಅಬ್ಬರ ಇಂಗ್ಲಿಷಿನದು, ಮಾತು ಮಾತ್ರ ನಮ್ಮದು.

ಆಯಿತವಾರ ಬಸ್ ಹತ್ತಿ ಬರತೀನಿ,
ಕೆಂಪ ಬಾಳಿಹಣ್ಣ ಚೀಲದಾಗ ತರತೀನಿ,
ಬಾಗಿಲ ತಗಿಯಾಕಿ ಒಂದ ಮಾತ ಆಡವಲ್ಲಳು,
ಕಮಲಾಪುರಕ್ಕ ಬರತಾಳೇನು, ಕೇಳವರ್ಯಾರು.

ಚಹಾದ ತಟ್ಟೆ ಹಿಡಿದು ನಾನು ಬಾಗಿಲಲ್ಲೇ ನಿಂತೆ. ಇದಕ್ಕಿಂತ ಸ್ಪಷ್ಟವಾಗಿ ಒಬ್ಬ ಮನುಷ್ಯ ಇನ್ನೇನು ಹೇಳಬೇಕು, ನೀವೇ ಹೇಳಿ. ಕೋಣೆಯಲ್ಲಿದ್ದವರ ಕೈಯಲ್ಲೆಲ್ಲ ಅವನು ತಂದ ಹಣ್ಣೇ ಇತ್ತು. ಬಾಜೂ ಕೋಣೆಯಲ್ಲಿ ಅಪ್ಪನ ಜಪದ ಗುಣುಗುಣು ನಿಂತಿತು. ಹಾಡು ಅಪ್ಪನಿಗೂ ಹಿಡಿಸಿತೇನೋ ಅಂದುಕೊಂಡೆ.

ಅಣ್ಣ ವ್ಯಾಸಪೀಠ ಮುಂದಕ್ಕೆಳೆದುಕೊಂಡು, ಎಂದಿಗಿಂತ ದೊಡ್ಡ ದನಿಯಲ್ಲಿ ಶುರು ಮಾಡಿದ. ಬಸ್ಸು ಅಂದರೆ ಶರೀರವಂತೆ. ಭಾನುವಾರ ಸೂರ್ಯನ ದಿನ, ಅಂದರೆ ಜ್ಞಾನವಂತೆ. ಹಣ್ಣಿನ ಕೆಂಪು ಸಿಪ್ಪೆ ರಜೋಗುಣ, ಒಳಗಿನ ತಿರುಳು ಭಕ್ತಿ. ಬಾಗಿಲು ತೆಗೆಯುವವಳು ಮಾತಾಡದ ಗುರುಕೃಪೆ. ಕಮಲಾಪುರವೋ, ಕಮಲೆಯ ಊರು, ಸಾಕ್ಷಾತ್ ವೈಕುಂಠ. ಆ ಊರಿನ ಬಸ್ ಸ್ಟ್ಯಾಂಡಿನಲ್ಲಿ ಒಮ್ಮೆ ಕಾಲಿಟ್ಟವರು ಯಾರೂ ಈ ಮಾತು ಆಡಲಾರರು. ಗಡ್ಡಗಳು ಬಾಯಿತುಂಬ ಬಾಳೆಹಣ್ಣು ಇಟ್ಟುಕೊಂಡು ಆಹಾ ಅಂದವು.

ಕೊನೆಗೆ ಅಣ್ಣ ಕೇಳಿದ, "ಏನೋ ಚನ್ನು, ಇದೇ ಅರ್ಥ ಹೌದಲ್ಲ?"

ಚನ್ನಬಸವ ನನ್ನ ಕಡೆ ನೋಡಿದ. ಅಪ್ಪನ ಕೋಣೆಯ ಕಡೆ ನೋಡಿದ. ನಾನು ತಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅವನು ಗಿಟಾರಿನ ತಂತಿಯ ಮೇಲೆ ಅಂಗೈ ಇಟ್ಟು ಅಂದ, "ಹೌದ್ರೀ ಸರ್. ನೀವು ಹೇಳಿದ್ದೇ ಖರೆ ಅದ."

ಚಹಾ ಕೊಟ್ಟು ಬಂದೆ. ಆಮೇಲೆ ಅವನು ಬರುವುದು ಕಡಿಮೆಯಾಯಿತು, ನಿಂತೇ ಹೋಯಿತು. ರಾಯಚೂರಿನ ಜಾತಕ ಕೂಡಿತು. ನನ್ನ ಗಂಡ ಒಳ್ಳೆಯ ಮನುಷ್ಯ. ಹೇಳಿದ್ದನ್ನು ಹೇಳಿದ ಹಾಗೆ ತಿಳಿದುಕೊಳ್ಳುವವರು, ಹಾಡು ಕೇಳುವವರಲ್ಲ. ಇವೆರಡೂ ಗುಣಗಳನ್ನು ನೋಡಿಯೇ ಒಪ್ಪಿದೆ ಅಂತ ಹೇಳಿದರೆ ನೀವು ನಂಬಬೇಕು. ಸದ್ಯ ಅವರಿಗೆ ಕಲಬುರಗಿಗೇ ವರ್ಗವಾಗಿ ಇಲ್ಲೇ ಇದ್ದೇವೆ. ಇಷ್ಟು ವರ್ಷ ಚನ್ನಬಸವನನ್ನು ಹೇಡಿ ಅಂತಲೂ ಅಣ್ಣನನ್ನು ಪೆದ್ದ ಅಂತಲೂ ತೀರ್ಮಾನ ಮಾಡಿಟ್ಟುಕೊಂಡು ಆರಾಮಾಗಿದ್ದೆ. ಪೆದ್ದರ ಮೇಲೆ ಸಿಟ್ಟು ಮಾಡಿಕೊಂಡಿರುವುದು ಬಹಳ ಸುಲಭ, ನಮಗೆ ಹೆಚ್ಚಿನ ಕೆಲಸವೇನೂ ಇರುವುದಿಲ್ಲ.

ಹೋದ ವಾರ ಆ ಹಣ್ಣು ಕೊಂಡು ಕೋಟನೂರಿನ ಕಡೆ ಇರುವ ಅಣ್ಣನ ಹೊಸ ಮನೆಗೆ ಹೋದೆ. ವ್ಯಾಸಪೀಠ ಈಗ ಶೋಕೇಸಿನಲ್ಲಿದೆ, ಕ್ಯಾಸೆಟ್ಟುಗಳು ಎಲ್ಲಿವೆಯೋ ಅವನಿಗೇ ಗೊತ್ತಿಲ್ಲ. ಅಪ್ಪ ಹೋಗಿ ವರ್ಷ ತುಂಬಿದೆ. ಅಣ್ಣ ಹಣ್ಣು ಸುಲಿದು ನಿಧಾನವಾಗಿ ತಿಂದ. ರಜೋಗುಣವನ್ನೂ ಸುಲಿದೆಯಲ್ಲ ಅಂತ ಚುಚ್ಚಿದೆ. ಅವನು ನಗಲಿಲ್ಲ.

"ಆ ಹಾಡು ನಿನ್ನ ಮ್ಯಾಲೇ ಇತ್ತು" ಅಂದ.

ನಿನಗೆ ಗೊತ್ತಿತ್ತೇ ಅಂತ ಕೇಳಿದೆ.

"ಗೊತ್ತಿಲ್ದೇನು. ಅಪ್ಪನ ಜಪ ನಿಂತಿದ್ದು ಕೇಳಸ್ತು. ಆ ಅರ್ಥ ಎಲ್ಲಾ ಅಪ್ಪನ ಕಿವಿಗಿ ಹೇಳಿದ್ದು. ಆದ್ರ ಹೌದಲ್ಲ ಅಂತ ಕೇಳಿದ್ದು ಚನ್ನುಗ. ಅವ ಅಲ್ಲ ಅಂದಿದ್ರ ನಿಮ್ಮಿಬ್ಬರ ಸಲುವಾಗಿ ನಾ ಅಪ್ಪನ ಮುಂದ ನಿಲ್ಲಾಂವ ಇದ್ದೆ."

ಚನ್ನು ಅಲ್ಲ ಅನ್ನದಂತೆ ಅಷ್ಟೊಂದು ಅರ್ಥ ಪೇರಿಸಿಟ್ಟವನು ಯಾರು ಅಂತ ಕೇಳಬೇಕಿತ್ತು. ನನ್ನನ್ನು ಒಂದು ಮಾತು ಕೇಳಲಿಲ್ಲವಲ್ಲ, ಬಾಗಿಲಲ್ಲೇ ಇದ್ದೆನಲ್ಲ ಅನ್ನಬೇಕಿತ್ತು. ಸಿಪ್ಪೆ ಎತ್ತಿ ಬುಟ್ಟಿಗೆ ಹಾಕಿ ಹೊರಟೆ.

ಆಟೋದಲ್ಲಿ ಬರುವಾಗ ಅವನ ಮಾತನ್ನೇ ಹಿಡಿದುಕೊಂಡು ಕೂತೆ. ನಿಜವಾಗಿ ನಿಲ್ಲುತ್ತಿದ್ದನೇ? ಅಥವಾ ಅಪ್ಪ ಇಲ್ಲದ ಈ ದಿನಗಳಲ್ಲಿ ನಿಲ್ಲುವುದು ಸಲೀಸು ಅಂತ ಈಗ ಹೇಳಿದನೇ? ನನ್ನನ್ನು ಉಳಿಸಿದನೋ, ಮನೆಯ ಮರ್ಯಾದೆಯನ್ನೋ? ಒಂದೊಂದು ಪದವನ್ನೂ ಮಗುಚಿ ನೋಡಿದೆ. ಸೂಪರ್ ಮಾರ್ಕೆಟ್ ಯಾವಾಗ ದಾಟಿತೋ ತಿಳಿಯಲಿಲ್ಲ. ನಾನೂ ಅಜ್ಜನ ಮೊಮ್ಮಗಳೇ, ನೋಡಿ.

ಮನೆಗೆ ಬಂದಾಗ ಗಂಡ, ಯಾಕೆ ಮುಖ ಹೀಗಿದೆ ಅಂತ ಕೇಳಿದರು. ಏನಿಲ್ಲ ಅಂದೆ. ಇಷ್ಟು ವರ್ಷಗಳಲ್ಲಿ ಮೊದಲ ಸಲ, ಇವರು ಒಳಗಿನ ಅರ್ಥ ಕೇಳಬಾರದೇ ಅನ್ನಿಸಿತು. ಅವರು ಒಳ್ಳೆಯವರು. ಏನಿಲ್ಲ ಅಂದರೆ ಏನೂ ಇಲ್ಲ ಅಂತಲೇ ತಿಳಿದು ಕೈ ತೊಳೆದುಕೊಂಡು ಊಟಕ್ಕೆ ಕೂತರು.