ಚುಕ್ಕಿ ಕೋಳಿ ನಮ್ಮ ಹಿತ್ತಿಲಿಗೆ ಬರುತ್ತಿತ್ತು

ಹನುಮಕ್ಕ, ನಿನ್ನ ಚುಕ್ಕಿ ಕೋಳಿ ಮೊಟ್ಟೆ ಇಡುವುದನ್ನು ನಿಲ್ಲಿಸಿರಲಿಲ್ಲ. ನಮ್ಮ ಹಿತ್ತಿಲಿಗೆ ಬಂದು ಇಡುತ್ತಿತ್ತು. ಆ ಮೊಟ್ಟೆಗಳನ್ನು ಕದ್ದವಳು ನಾನು — ಬಸವಾಪಟ್ಟಣದಲ್ಲಿ ನಿನ್ನ ಬೇಲಿಯಾಚೆ ಇದ್ದ ಗಿರಿಜಮ್ಮ, ದಿನಾ ವಿಭೂತಿ ಹಚ್ಚಿಕೊಂಡು ಲಿಂಗಪೂಜೆ ಮಾಡುತ್ತಿದ್ದವಳು. ಇದು ನಿನಗೆ ಹೊಸ ಸುದ್ದಿಯೇನಲ್ಲ ಅಂತ ಗೊತ್ತು. ಆದರೂ ನನ್ನ ಬಾಯಿಂದ ಇದುವರೆಗೂ ಬಂದಿಲ್ಲವಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ನನ್ನ ಮಗಳು ಶೈಲಾಗೆ ಮೂರು ವರ್ಷ ತುಂಬುತ್ತಾ ಬಂದರೂ ಕಾಲು ನೆಲಕ್ಕೆ ಊರುತ್ತಿರಲಿಲ್ಲ. ಚನ್ನಗಿರಿಯ ಡಾಕ್ಟರು ಟಾನಿಕ್ ಬರೆದುಕೊಟ್ಟು, ಜೊತೆಗೆ ಮೊಟ್ಟೆಯನ್ನೂ ಕೊಡಿ ಅಂದಿದ್ದರು. ಮನೆಗೆ ಬಂದು ಟಾನಿಕ್ಕಿನ ಮಾತು ಹೇಳಿದೆ, ಮೊಟ್ಟೆಯ ಮಾತು ನುಂಗಿದೆ. ಅದರ ಹೆಸರು ಕೇಳಿದರೇ ನಮ್ಮತ್ತೆ 'ಶಿವ ಶಿವಾ' ಎಂದು ಕಿವಿ ಮುಚ್ಚಿಕೊಳ್ಳುತ್ತಿದ್ದರು. ಅಂಗಡಿಯಲ್ಲಿ ಕೊಂಡರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತಿತ್ತು.

ಆಗಲೇ ನಿನ್ನ ಚುಕ್ಕಿ ಕೋಳಿ ಬೇಲಿ ನುಸುಳಿ ಬಂದದ್ದು. ಮೊಟ್ಟೆ ಇಡುವ ಕೋಳಿ ಕತ್ತಲಿನ, ಸದ್ದಿಲ್ಲದ ಮೂಲೆ ಹುಡುಕುತ್ತದೆ ಅಂತ ಆಮೇಲೆ ತಿಳಿಯಿತು. ಅದಕ್ಕೆ ಸಿಕ್ಕಿದ್ದು ನಾವು ಕುಳ್ಳು ಒಟ್ಟಿದ್ದ ಮೂಲೆ. ಒಂದು ದಿನ ಕುಳ್ಳು ತೆಗೆಯಲು ಕೈ ಹಾಕಿದರೆ ಬೆಚ್ಚಗೆ ತಗುಲಿತು. ಹೆದರಿಕೊಂಡೇ ಒಂದನ್ನು ತೆಗೆದು, ಇನ್ನೊಂದನ್ನು ಅಲ್ಲೇ ಬಿಟ್ಟೆ. ಅದನ್ನು ನೋಡಿಕೊಂಡು ಕೋಳಿ ಮತ್ತೆ ಬಂತು. ಆಸೆಗೆ ಬಿದ್ದು ಒಮ್ಮೆ ಎಲ್ಲವನ್ನೂ ತೆಗೆದುಬಿಟ್ಟಾಗ ಕೆಲವು ದಿನ ಇತ್ತ ಸುಳಿಯಲೇ ಇಲ್ಲ. ಆವತ್ತಿನಿಂದ ಒಂದನ್ನು ಬಿಟ್ಟೇ ತೆಗೆಯುವುದನ್ನು ಕಲಿತೆ. ಕಳ್ಳತನಕ್ಕೂ ಒಂದು ನೇಮ!

ಇಟ್ಟ ಮೇಲೆ ಅದರ ಬಾಯಿ ಕಟ್ಟುವುದೇ ದೊಡ್ಡ ಕೆಲಸವಾಗಿತ್ತು. ಕೊಕ್ಕೊಕ್ಕೋ ಎಂದು ಊರಿಗೆಲ್ಲ ಡಂಗುರ ಸಾರುವ ಜಾತಿ ಅದು. ಎದ್ದು ಗರಿ ಕೊಡವುವಷ್ಟರಲ್ಲಿ ನುಚ್ಚು ಚೆಲ್ಲುತ್ತಿದ್ದೆ — ತಿನ್ನುವ ಬಾಯಿ ಕೂಗುವುದಿಲ್ಲ. ಮೊಟ್ಟೆಯನ್ನು ಬಿಸಿ ಹಾಲಿಗೆ ಒಡೆದು ಹಾಕಿ, ಬೆಲ್ಲ ಕದಡಿ ಶೈಲಾಗೆ ಕುಡಿಸುತ್ತಿದ್ದೆ. ಚಿಪ್ಪನ್ನು ತಿಪ್ಪೆಯಲ್ಲಿ ಹೂತರೆ ನಿನ್ನ ಕೋಳಿಗಳೇ ಕೆದರಿ ತಿಂದು ಮುಗಿಸುತ್ತಿದ್ದವು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅನ್ನುತ್ತಾರಲ್ಲ — ನೀನು ಬೇಲಿಯ ಹತ್ತಿರ ಬಂದರೆ ಸಾಕು, ನಾನು ಒಳಗೆ ಹೋಗಿಬಿಡುತ್ತಿದ್ದೆ.

ದಿನಾ ಬೆಳಿಗ್ಗೆ ಗೂಡು ತೆಗೆದು ಒಂದೊಂದೇ ಕೋಳಿಯನ್ನು ಕಂಕುಳಲ್ಲಿ ಇರುಕಿಕೊಂಡು ಹಿಂದೆ ಸವರುತ್ತಿದ್ದೆಯಲ್ಲ, ಮುದ್ದು ಮಾಡುತ್ತೀಯ ಅಂದುಕೊಂಡಿದ್ದೆ. ನೀನು ಕೆಲವನ್ನು ಬುಟ್ಟಿಯಡಿ ಮುಚ್ಚುತ್ತಿದ್ದೆ, ಕೆಲವನ್ನು ಬಿಡುತ್ತಿದ್ದೆ. ಯಾಕೆ ಅಂತ ಕೇಳುವ ಬುದ್ಧಿ ನನಗೆ ಬರಲಿಲ್ಲ. ಕೋಳಿ ಸಾಕದ ಮನೆಯ ಹೆಣ್ಣು ನಾನು.

ಶೈಲಾ ಬೇಲಿಯ ಗೂಟ ಹಿಡಿದು ಎದ್ದು ನಿಂತ ದಿನಗಳಲ್ಲೇ ನಿಮ್ಮ ಮನೆಗೆ ಹೊನ್ನಾಳಿಯಿಂದ ಬೀಗರು ಬಂದರು. ನಿನ್ನ ಗಂಡ ಅಂಗಳದಲ್ಲಿ ನಿಂತು ಹೇಳಿದ್ದು ನನಗೆ ಕೇಳಿಸಿತು: "ಚುಕ್ಕೀನ ಹಿಡಿಯೇ. ಮೊಟ್ಟೆ ಇಡಲ್ದ ಕೋಳಿ ಇಟ್ಕಂಡು ಏನು ಮಾಡ್ತೀಯ?"

ನೀನು, "ಅದು ಬ್ಯಾಡ, ಹುಂಜ ಕೊಯ್ಯಿ" ಅಂದೆ. ಅವನು ಕೇಳಲಿಲ್ಲ. ಒಂದು ಮಾತು — 'ಅಣ್ಣ, ಅದು ನಮ್ಮ ಹಿತ್ತಿಲಲ್ಲಿ ಇಡುತ್ತೆ' ಅಂತ ನಾನೊಂದು ಮಾತು ಹೇಳಿದ್ದರೆ ಸಾಕಿತ್ತು. ಪಡಸಾಲೆಯಲ್ಲಿ ಅತ್ತೆ ಕೂತಿದ್ದರು. ಕೈಯಲ್ಲಿ ನುಚ್ಚು ಹಿಡಿದುಕೊಂಡೇ ಸುಮ್ಮನೆ ನಿಂತೆ.

ಕೊಯ್ದ ಮೇಲೆ ಗಲಾಟೆ ಎದ್ದಿತು. ಹೊಟ್ಟೆಯೊಳಗೆ ಚಿಪ್ಪು ಕಟ್ಟಿದ ಮೊಟ್ಟೆ ಒಂದು, ಅದರ ಹಿಂದೆ ಹಳದಿ ಗೋಲಿಗಳಂತೆ ದೊಡ್ಡವು, ಸಣ್ಣವು. ನಿನ್ನ ಅತ್ತೆ ಬೀದಿಗೆಲ್ಲ ಕೇಳುವ ಹಾಗೆ ಬೈದರು: "ಇಡೋ ಕೋಳೀನ ಕೊಯ್ಸಿದ್ಯಲ್ಲೇ! ಗೂಡು ತೆಗ್ಯೋವಾಗ ಬೆರಳಿಟ್ಟು ನೋಡಾಕೆ ಏನಾಗಿತ್ತು ನಿಂಗೆ? ಇವತ್ತು ಮೊಟ್ಟೆ ಐತೋ ಇಲ್ಲೋ ಅಂತ ಗೊತ್ತಾಗಲ್ವೇನು? ಹೆಂಗಸೇನೇ ನೀನು?"

ನೀನು ತಲೆ ತಗ್ಗಿಸಿ ಗರಿ ಕೀಳುತ್ತಿದ್ದೆ. "ಮರ್ತೆ ಅತ್ತೆ" ಅಂದೆ, ಅಷ್ಟೇ.

ಮರೆತೆಯಾ? ದಿನಾ ಸವರಿ ನೋಡುತ್ತಿದ್ದವಳು ನೀನು! ಮೊಟ್ಟೆ ಇರುವ ಕೋಳಿಗಳನ್ನೆಲ್ಲ ಬುಟ್ಟಿಯಡಿ ಮುಚ್ಚಿ, ಚುಕ್ಕಿಯೊಂದನ್ನು ಮಾತ್ರ, ಮೊಟ್ಟೆ ಇದೆ ಅಂತ ನೋಡಿ — ನೋಡಿಯೇ — ನಮ್ಮ ಬೇಲಿಯ ಕಡೆ ಬಿಡುತ್ತಿದ್ದೆ. ಆ ಬೈಗುಳ ಕೇಳುತ್ತಾ ನಿಂತಾಗ ನನಗೆ ಎಲ್ಲವೂ ಅರ್ಥವಾಯಿತು. ನಾನು ಕದಿಯುತ್ತಿದ್ದೇನೆ ಅಂದುಕೊಂಡಿದ್ದೆ, ನೀನು ಕೊಡುತ್ತಿದ್ದೆ. ನೀನು ಬಾಯಿ ಬಿಟ್ಟರೆ ನನ್ನ ಸಂಸಾರ ಬೀದಿಗೆ ಬರುತ್ತದೆ ಅಂತ ನನ್ನ ತಪ್ಪನ್ನೂ ನಿನ್ನ ಅತ್ತೆಯ ಬೈಗುಳವನ್ನೂ ಹೊಟ್ಟೆಗೆ ಹಾಕಿಕೊಂಡೆ.

ಮಾರನೆಯ ದಿನ ಬೇಲಿಯ ಹತ್ತಿರ ಬಂದು ಸೆರಗಿನಿಂದ ಒಂದು ಮೊಟ್ಟೆ ತೆಗೆದು ನನ್ನ ಕೈಗಿಟ್ಟೆ. "ಕರಿ ಕೋಳೀದು. ಮಗೀಗೆ ಹಾಕ್ರಿ." ನನಗೆ ಅಳು ಉಕ್ಕಿತು. ನೀನು ಶೈಲಾಳ ಕಡೆ ನೋಡಿ, "ಎದ್ದು ನಿಂತೈತಲ್ಲ, ಸಾಕು ಬಿಡ್ರಿ" ಅಂದು ಹೋಗಿಬಿಟ್ಟೆ. ಅವಳು ಬೇಲಿ ಬಿಟ್ಟು ಓಡಾಡುವವರೆಗೂ ನಿನ್ನ ಸೆರಗು ಬರಿದಾಗಿ ಬರಲಿಲ್ಲ. ಆವತ್ತಿಗೂ ಇವತ್ತಿಗೂ ನನಗೆ ದೇವರ ಬಗ್ಗೆ ಇರುವಷ್ಟೇ ಕೃತಜ್ಞತೆ ನಿನ್ನ ಬಗ್ಗೆಯೂ ಇದೆ ಹನುಮಕ್ಕ.

ಆದರೆ ಅದನ್ನು ಹೇಳಲಿಲ್ಲ. ನಿನ್ನ ಉಪಕಾರ ದೊಡ್ಡದು ಅನ್ನಬೇಕಾದರೆ ಯಾವ ಉಪಕಾರ ಅಂತಲೂ ಹೇಳಬೇಕಿತ್ತು. ಅತ್ತೆ ಇದ್ದಾರೆ ಅಂತ ಕೆಲವು ವರ್ಷ, ಅತ್ತೆ ಹೋದ ಮೇಲೆ ಮಗಳ ಮದುವೆಯಾಗಲಿ ಅಂತ ಕೆಲವು ವರ್ಷ — ನೆಪಕ್ಕೆ ಬರವೇ? ಅಷ್ಟರಲ್ಲಿ ನೀನು ಮಗನ ಜೊತೆ ನ್ಯಾಮತಿಗೆ ಹೋದೆ. ಕೋಳಿ ಸಾಕಲು ಬಾರದವಳು ಅಂತ ನಮ್ಮ ಕೇರಿಯಲ್ಲಿ ನಿನಗೆ ಬಂದ ಹೆಸರು ಹಾಗೇ ಉಳಿಯಿತು. ಅದನ್ನು ಕೇಳಿಯೂ ನಾನು ತಿದ್ದಲಿಲ್ಲ.

ನಿನ್ನೆ ಶೈಲಾಗೆ ಎಲ್ಲವನ್ನೂ ಹೇಳಿದೆ. ಅವಳು ಬಹಳ ಹೊತ್ತು ತನ್ನ ಕಾಲುಗಳನ್ನೇ ನೋಡಿಕೊಂಡು ಕೂತಳು. ಇವತ್ತು ಬೆಳಿಗ್ಗೆ ಹಳೆಯ ಕೇರಿಗೆ ಹೋಗಿ, ನಿನ್ನನ್ನು ಬಲ್ಲ ಮನೆಗಳಲ್ಲೆಲ್ಲ ನಿಜ ಹೇಳಿ ಬಂದೆ. ನಾಳೆ ತಾಯಿ ಮಗಳು ನ್ಯಾಮತಿಗೆ ಬರುತ್ತೇವೆ. ಬಸ್‌ಸ್ಟ್ಯಾಂಡಿನಿಂದ ನಿನ್ನ ಮನೆಯವರೆಗೆ ಅವಳು ನಡೆದೇ ಬರಲಿ. ನೀನು ಬಾಗಿಲಲ್ಲಿ ಕೂತು ನೋಡು.